ಸಾಸಿವೆ ಡಬ್ಬಿಯ ಪಕ್ಕ ಒಂದು 3ಡಿಎಸ್

ನಮ್ಮ ಅಡುಗೆಮನೆಯ ಕಟ್ಟೆ ಎರಡು ದೋಸೆ ಕಾವಲಿ ಇಟ್ಟರೆ ಮುಗಿಯಿತು. ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಾನು ನೋಡಿದ ಬಾಡಿಗೆ ಮನೆಗಳೆಲ್ಲ ಹೀಗೇ. ರೈಸ್ ಕುಕ್ಕರ್, ಮಿಕ್ಸಿ, ಸಾಸಿವೆ ಡಬ್ಬಿ ಇಟ್ಟ ಮೇಲೆ ಒಂದು ಗೇಣು ಜಾಗ ಉಳಿಯುತ್ತದೆ. ಅಲ್ಲಿ ಟ್ಯಾಬ್ಲೆಟ್ ಹಿಡಿಸುವುದಿಲ್ಲ. ಫೋನ್ ಹಿಡಿಸುತ್ತೆ, ಆದರೆ ಫೋನಿನ ಜೊತೆ ಆಫೀಸೂ ಅಡುಗೆಮನೆಗೆ ಬರುತ್ತೆ. ಮಗನ ಶಾಲೆಯ ಮೆಸೇಜು, ಊರಿನಿಂದ ಅಮ್ಮ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ, ಎಲ್ಲವೂ. ಆ ಗೇಣು ಜಾಗದಲ್ಲಿ ಎಂಟು ತಿಂಗಳಿಂದ ಒಂದು ಹಳೇ ನಿಂಟೆಂಡೊ 3ಡಿಎಸ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಕೂತಿದೆ. ನಾನು ಗೇಮ್ ಆಡುವವಳಲ್ಲ. ಅದು ನನ್ನ ಟಿವಿ.

ತಂದಿದ್ದು ಹಾರ್ಡ್ ಆಫ್ ಅಂಗಡಿಯಿಂದ. ಇಲ್ಲಿ ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಇವರ ಅಂಗಡಿಗಳು ಹೆಸರುವಾಸಿ. ಹಿಂಭಾಗದಲ್ಲಿ ನೀಲಿ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ 'ಜಂಕ್' ಸಾಮಾನು ಸುರಿದಿರುತ್ತಾರೆ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ, ಕೆಲಸ ಮಾಡಿದರೆ ನಿಮ್ಮ ಅದೃಷ್ಟ. ನನಗೆ ಸಿಕ್ಕಿದ್ದು ನೀಲಿ ಬಣ್ಣದ ನ್ಯೂ 3ಡಿಎಸ್ ಎಲ್‌ಎಲ್. ಬೇರೆ ದೇಶಗಳಲ್ಲಿ ಇದನ್ನೇ ಎಕ್ಸ್‌ಎಲ್ ಅನ್ನುತ್ತಾರೆ. ಬೆಲೆ 8,800 ಯೆನ್, ಹತ್ತಿರ ಹತ್ತಿರ 5,000 ರೂಪಾಯಿ. ಸ್ಟೈಲಸ್ ಕಡ್ಡಿ ಇರಲಿಲ್ಲ. ಹೆಬ್ಬೆರಳಿನಲ್ಲಿ ಆಡಿಸುವ ಗುಂಡಿ, ಸರ್ಕಲ್ ಪ್ಯಾಡಿನ ರಬ್ಬರ್ ಸವೆದು ಹೋಗಿತ್ತು. ಮುಚ್ಚಳದ ಮೇಲೆ ಯಾವುದೋ ಮಗು ಅಂಟಿಸಿದ ಸ್ಟಿಕರ್, ಅರ್ಧ ಕಿತ್ತಿದ್ದು. ಚಾರ್ಜರ್ ಬೇರೆ ತಗೊಂಡೆ, 1,100 ಯೆನ್. ಈ ಮಾಡೆಲ್ ಹೊಸದಾಗಿ ಬಂದಾಗಲೂ ಡಬ್ಬಿಯೊಳಗೆ ಚಾರ್ಜರ್ ಇರುತ್ತಿರಲಿಲ್ಲವಂತೆ. ಜಿಪುಣತನ ಅಂದರೆ ಇದು.

ವಿಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಎಂತದೇ ಅದು, ಪೌಡರ್ ಡಬ್ಬಿ ತರ ಇದ್ಯಲ್ಲಾ?" ಅಂದಳು. ನಿಜವೇ. ಪುಸ್ತಕದ ಹಾಗೆ ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಸ್ಟ್ಯಾಂಡ್ ಬೇಡ, ಗೋಡೆಗೆ ಒರಗಿಸುವುದು ಬೇಡ, ತಾನೇ ನಿಲ್ಲುತ್ತೆ. ಕೆಲಸ ಮುಗಿದ ಮೇಲೆ ಮುಚ್ಚಿದರೆ ಎರಡೂ ಪರದೆ ಒಳಗೆ ಭದ್ರ. ಅಡುಗೆಮನೆಗೆ ಇದಕ್ಕಿಂತ ಒಳ್ಳೆ ಆಕಾರ ನಾನಂತೂ ನೋಡಿಲ್ಲ.

ಆದರೆ ಅಂಗಡಿಯಿಂದ ತಂದ ಹಾಗೇ ಇಟ್ಟರೆ ಇದರಿಂದ ಏನೂ ಪ್ರಯೋಜನವಿಲ್ಲ. ಕಂಪನಿ ಇದರ ಉತ್ಪಾದನೆ ನಿಲ್ಲಿಸಿದ್ದು 2020ರಲ್ಲಿ. ಆನ್‌ಲೈನ್ ಅಂಗಡಿ ಇ-ಶಾಪ್‌ನಲ್ಲಿ ಮಾರಾಟ 2023ರ ಮಾರ್ಚ್‌ನಲ್ಲಿ ಮುಚ್ಚಿತು. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟದ ಸರ್ವರ್‌ಗಳೂ ನಿಂತವು. ಅಧಿಕೃತ ಯೂಟ್ಯೂಬ್ ಆಪ್ ಅಂತೂ 2019ರ ಸೆಪ್ಟೆಂಬರ್‌ನಲ್ಲೇ ಹೋಯಿತು. ಒಳಗಿರುವ ಬ್ರೌಸರ್ ಈಗಿನ ಎಷ್ಟೋ ಸೈಟುಗಳನ್ನು ತೆರೆಯುವುದೇ ಇಲ್ಲ.

ಇಲ್ಲಿಂದ ಮುಂದೆ ಬರುವುದೆಲ್ಲ ಹೋಮ್‌ಬ್ರೂ. ಅಂದರೆ ಕಂಪನಿಯ ಒಪ್ಪಿಗೆ ಇಲ್ಲದೆ, ಆಸಕ್ತಿ ಇರುವವರು ಸುಮ್ನೆ ಪ್ರೀತಿಗೆ ಬರೆದು ಬಿಟ್ಟಿರುವ ಸಾಫ್ಟ್‌ವೇರ್. ಅದನ್ನು ಹಾಕಲು ಮೊದಲು ಯಂತ್ರದ ಬೀಗ ತೆಗೆಯಬೇಕು. 3ಡಿಎಸ್‌ನ ಬೀಗದ ಕತೆ ಸ್ವಾರಸ್ಯವಾಗಿದೆ. ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಚಿಪ್ಪಿನೊಳಗೇ ಅಚ್ಚಾಗಿರುತ್ತೆ. ಮುಂದೆ ಓಡಬೇಕಾದ ಸಾಫ್ಟ್‌ವೇರಿನ ಮೇಲೆ ಕಂಪನಿಯ ಸಹಿ ಇದೆಯೇ ಅಂತ ನೋಡುವುದು ಅದರ ಕೆಲಸ. ಆ ನೋಡುವ ಕೆಲಸದಲ್ಲೇ ಒಂದು ತಪ್ಪು ಇತ್ತು. ಖೋಟಾ ಸಹಿಯನ್ನೂ ಅಸಲಿ ಅಂತ ಒಪ್ಪಿಕೊಂಡುಬಿಡುತ್ತಿತ್ತು. ಅದನ್ನು ಬಳಸಿಕೊಂಡ ಬೂಟ್9ಸ್ಟ್ರಾಪ್ ಅನ್ನುವ ಪ್ರೋಗ್ರಾಂ ಬಂದಿದ್ದು 2017ರಲ್ಲಿ. ತಪ್ಪು ಚಿಪ್ಪಿನಲ್ಲೇ ಇರುವುದರಿಂದ ಯಾವ ಅಪ್‌ಡೇಟ್ ಬಂದರೂ ಮಾರಾಟವಾದ ಯಂತ್ರಗಳಲ್ಲಿ ಅದನ್ನು ಸರಿ ಮಾಡಲಾಗದು. ಬೂಟ್9ಸ್ಟ್ರಾಪ್ ಮೇಲೆ ಲೂಮಾ3ಡಿಎಸ್ ಅನ್ನುವ ಕಸ್ಟಮ್ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರಿನ ತಿದ್ದಿದ ರೂಪ, ಓಡುತ್ತೆ. ಹೋಮ್‌ಬ್ರೂ ಎಲ್ಲ ಅದರ ನೆರಳಿನಲ್ಲಿ.

ಬೀಗದವರೆಗೆ ತಲುಪಲು ಒಂದು ಬಾಗಿಲು ಬೇಕಲ್ಲ, ನಾನು ಬಳಸಿದ್ದು ಎಂಎಸ್‌ಇಟಿ9 ಅನ್ನುವ ಉಪಾಯ. ಮೆಮೊರಿ ಕಾರ್ಡಿನಲ್ಲಿ ಉದ್ದುದ್ದ ಹೆಸರಿನ ಒಂದು ಫೋಲ್ಡರ್ ಇರುತ್ತೆ. ಅದರ ಹೆಸರನ್ನು ಬೇಕಂತಲೇ ಬದಲಾಯಿಸಬೇಕು. ಯಂತ್ರದ ಸೆಟ್ಟಿಂಗ್ಸ್ ಅದನ್ನು ಓದಲು ಹೋಗಿ ಎಡವುತ್ತೆ. ಆ ಸಂದಿಯಲ್ಲಿ ನಮ್ಮ ಪ್ರೋಗ್ರಾಂ ನುಗ್ಗುತ್ತೆ. ಹೇಳುವಾಗ ಸುಲಭ. ನನಗೆ ಒಂದು ಶನಿವಾರ ಸಂಜೆ ಪೂರ್ತಿ ಹಿಡಿಯಿತು. ಜಪಾನಿನಲ್ಲಿ ಮಾರಿದ 3ಡಿಎಸ್‌ನಲ್ಲಿ ಮೆನು ಪೂರ್ತಿ ಜಪಾನಿ ಭಾಷೆ, ಇಂಗ್ಲಿಷ್ ಆಯ್ಕೆಯೇ ಇಲ್ಲ. ನನಗೆ ಕತಕಾನ ಅಕ್ಷರ ಓದಲು ಬರುತ್ತೆ, ಕಾಂಜಿ ಕಂಡರೆ ಮಗನನ್ನು ಕರೆಯುತ್ತೇನೆ. "ಅಮ್ಮಾ, ಇದು ಅಳಿಸಿಬಿಡು ಅನ್ನೋ ಬಟನ್, ಅದನ್ನ ಒತ್ತಬೇಡ" ಅಂತ ಅವನು ಎರಡು ಸಲ ಕೈ ಹಿಡಿದ.

ಇನ್ನೊಂದು ತಲೆನೋವು ಮೆಮೊರಿ ಕಾರ್ಡ್. ಮೊದಲಿನ ದೊಡ್ಡ 3ಡಿಎಸ್‌ಗಳಲ್ಲಿ ಕಾರ್ಡು ಬದಿಯಿಂದ ಹಾಕಬಹುದು. ನ್ಯೂ 3ಡಿಎಸ್‌ನಲ್ಲಿ ಹಿಂದಿನ ಮುಚ್ಚಳದ ಎರಡು ಪುಟಾಣಿ ಸ್ಕ್ರೂ ಬಿಚ್ಚಿ, ಮುಚ್ಚಳ ಎಬ್ಬಿ ತೆಗೆಯಬೇಕು. ನನ್ನ ಮೊದಲ ಕಾರ್ಡ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಯಾರಿಂದ ಅಂತ ಹೆಸರು ಬೇಡ. ಮೇಲೆ 64 ಜಿಬಿ ಅಂತ ಬರೆದಿತ್ತು. ಹಾಕಿದ ಫೈಲುಗಳು ಮಾರನೇ ದಿನ ಮಾಯ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪ್ರೋಗ್ರಾಂ ಓಡಿಸಿ ನೋಡಿದರೆ ಒಳಗೆ ಇದ್ದಿದ್ದು 8 ಜಿಬಿಗೂ ಕಮ್ಮಿ. ಆಮೇಲೆ ಅಂಗಡಿಗೇ ಹೋಗಿ 32 ಜಿಬಿ ಕಾರ್ಡ್ ತಂದೆ. ಅದಕ್ಕಿಂತ ದೊಡ್ಡದು ಬೇಕಿದ್ದರೆ ಈ ಯಂತ್ರ ಓದಬಲ್ಲ ಎಫ್‌ಎಟಿ32 ವಿಧಾನಕ್ಕೆ ಕಾರ್ಡನ್ನು ನೀವೇ ಫಾರ್ಮ್ಯಾಟ್ ಮಾಡಬೇಕು. ಕೊಂಡ ಹಾಗೇ ಹಾಕಿದರೆ ಯಂತ್ರ ಓದುವುದಿಲ್ಲ. ಬೀಗ ತೆಗೆದ ಮೇಲೆ ಮೊದಲ ಕೆಲಸ ಗಾಡ್‌ಮೋಡ್9 ಅನ್ನುವ ಹೋಮ್‌ಬ್ರೂ ಬಳಸಿ ಯಂತ್ರದ ಒಳಗಿನ ಮೆಮೊರಿಯ ಪೂರ್ತಿ ನಕಲು ತೆಗೆದು ಕಂಪ್ಯೂಟರಿನಲ್ಲಿ ಇಡುವುದು. ಸುಮಾರು 1.2 ಜಿಬಿ. ಇದನ್ನು ಮಾತ್ರ ಸೋಮಾರಿತನಕ್ಕೆ ಬಿಡಬೇಡಿ.

ಈಗ ಅಸಲಿ ವಿಷಯ, ಥರ್ಡ್‌ಟ್ಯೂಬ್. 3ಡಿಎಸ್‌ಗಾಗಿ ಹವ್ಯಾಸಿಗಳು ಬರೆದ ಯೂಟ್ಯೂಬ್ ಆಪ್. ಮೇಲಿನ ಪರದೆಯಲ್ಲಿ ವಿಡಿಯೊ, ಕೆಳಗಿನ ಪರದೆಯಲ್ಲಿ ಹುಡುಕಾಟ, ಕಾಮೆಂಟು, ಮುಂದಿನ ವಿಡಿಯೊಗಳ ಪಟ್ಟಿ. ಲಾಗಿನ್ ಕೇಳುವುದಿಲ್ಲ. ಬೇಕಾದ ಚಾನೆಲ್‌ಗಳ ಪಟ್ಟಿ, ನೋಡಿದ ವಿಡಿಯೊಗಳ ಪಟ್ಟಿ ನಿಮ್ಮ ಕಾರ್ಡಿನಲ್ಲೇ ಉಳಿಯುತ್ತೆ. ಜಾಹೀರಾತೂ ಇಲ್ಲ. ನನ್ನ ನ್ಯೂ 3ಡಿಎಸ್‌ನಲ್ಲಿ 360ಪಿ, ಅಂದರೆ 360 ಪಿಕ್ಸೆಲ್ ಎತ್ತರದ ವಿಡಿಯೊ ಎಲ್ಲೂ ತಡವರಿಸದೆ ಓಡುತ್ತೆ. ಈ ಮಾಡೆಲ್‌ನಲ್ಲಿ ವಿಡಿಯೊ ಬಿಡಿಸಲೆಂದೇ ಪ್ರತ್ಯೇಕ ಹಾರ್ಡ್‌ವೇರ್ ಇದೆ. ಪ್ರೊಸೆಸರ್ 804 ಮೆಗಾಹರ್ಟ್ಸ್, ಮೆಮೊರಿ 256 ಎಂಬಿ. 2011ರ ಹಳೇ 3ಡಿಎಸ್‌ನಲ್ಲಿ 268 ಮೆಗಾಹರ್ಟ್ಸ್, 128 ಎಂಬಿ. ಪಕ್ಕದ ಕಟ್ಟಡದ ಗೆಳತಿಯ ಮನೆಯಲ್ಲಿ ಅಂಥದ್ದೊಂದಿತ್ತು, ಹಾಕಿ ನೋಡಿದೆವು. 144ಪಿಯಲ್ಲಿ ಮುಖ ಇಡ್ಲಿ ಹಾಗೆ ಕಾಣುತ್ತೆ. ಕೊಳ್ಳುವುದಾದರೆ 'ನ್ಯೂ' ಅಂತ ಬರೆದಿರುವುದನ್ನೇ ಕೊಳ್ಳಿ.

360ಪಿ ಅಂದೆ, ಆದರೆ ಮೇಲಿನ ಪರದೆಯ ಎತ್ತರವೇ 240 ಪಿಕ್ಸೆಲ್. ಅಗಲ 400. 4.88 ಇಂಚು. ಯಾರೋ ಸಾರು ಮಾಡುವುದು ಚೆನ್ನಾಗಿ ಕಾಣುತ್ತೆ. ಆದರೆ 'ಧನಿಯಾ 2 ಚಮಚ' ಅಂತ ಕೆಳಗೆ ಬರುವ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಬಾಯಲ್ಲಿ ಅಳತೆ ಹೇಳುವವರ ವಿಡಿಯೊ ಮಾತ್ರ ನನಗೆ ಉಪಯೋಗ. ಹಿನ್ನೆಲೆ ಸಂಗೀತ ಹಾಕಿ, ಅಕ್ಷರದಲ್ಲೇ ಎಲ್ಲ ಹೇಳುವವರನ್ನು ಈಗ ನೋಡುವುದೇ ಬಿಟ್ಟಿದ್ದೇನೆ.

ಕನ್ನಡದ ಪಾಡು ಬೇಸರ ತರಿಸುತ್ತೆ. ಕೀಬೋರ್ಡಿನಲ್ಲಿ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು. ಕನ್ನಡದಲ್ಲಿರುವ ಶೀರ್ಷಿಕೆ, ಕಾಮೆಂಟು ಸರಿಯಾಗಿ ಮೂಡುವುದಿಲ್ಲ. ಒತ್ತಕ್ಷರ ಅದರ ಜಾಗದಲ್ಲಿ ಕೂರಬೇಕಲ್ವಾ, ಕೂರುವುದಿಲ್ಲ. ನಾನು ಪುಟ್ಟ ಚಿತ್ರ ನೋಡಿ, ಅಂದಾಜಿನ ಮೇಲೆ ಒತ್ತುತ್ತೇನೆ. ಒಮ್ಮೆ ಕಳಲೆ ಪಲ್ಯ ಅಂದುಕೊಂಡು ಒತ್ತಿದ್ದು ಹಲಸಿನ ಹಪ್ಪಳವಾಯಿತು. ಟೋಕಿಯೊದಲ್ಲಿ ಹಲಸು ಎಲ್ಲಿಂದ ತರಲಿ, ಆದರೂ ಪೂರ್ತಿ ನೋಡಿದೆ.

ಕೆಳಗಿನ ಪರದೆಯ ಬಗ್ಗೆ ಒಳ್ಳೆಯದನ್ನು ಹೇಳಲೇಬೇಕು. ಇದು ಹಳೇ ಕಾಲದ ಟಚ್, ಒತ್ತಿದರೆ ಕೆಲಸ ಮಾಡುವಂಥದ್ದು. ಫೋನಿನ ಹಾಗೆ ಬೆರಳಿನ ಚರ್ಮವೇ ತಗುಲಬೇಕು ಅಂತಿಲ್ಲ. ಚಪಾತಿ ಹಿಟ್ಟು ಮೆತ್ತಿದ ಕೈಯಾದರೂ ಸರಿ, ಒದ್ದೆ ಬೆರಳಾದರೂ ಸರಿ. ನಾನು ಸೌಟಿನ ಹಿಡಿಯ ತುದಿಯಲ್ಲೂ ಒತ್ತುತ್ತೇನೆ. ಹೊಸ ಫೋನುಗಳು ಎಷ್ಟು ಮುಂದೆ ಹೋಗಿದ್ದರೂ ಹಿಟ್ಟಿನ ಕೈಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಳೆದುಹೋದ ಸ್ಟೈಲಸ್ ಬದಲು ಹೊಸದು ತರುವ ಯೋಚನೆಯನ್ನೇ ಬಿಟ್ಟೆ.

ಆದರೆ ವೈಫೈ ಸತಾಯಿಸಿತು. ಯಂತ್ರ ಹಳೇದು, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತೆ. 5 ಗಿಗಾಹರ್ಟ್ಸ್ ಅದಕ್ಕೆ ಗೊತ್ತೇ ಇಲ್ಲ. ನಮ್ಮ ಹೊಸ ರೂಟರ್ ವೈಫೈ ಭದ್ರತೆಯ ಹೊಸ ವಿಧಾನ ಡಬ್ಲ್ಯೂಪಿಎ3ಗೆ ಸೆಟ್ ಆಗಿತ್ತು. ಅದನ್ನು ಹಳೇ ವಿಧಾನ ಡಬ್ಲ್ಯೂಪಿಎ2ಗೆ ಇಳಿಸಿದ ಮೇಲೆ ಸಂಪರ್ಕ ಸಿಕ್ಕಿತು. ಆಮೇಲೂ ದಿನಕ್ಕೊಮ್ಮೆ ಸರಿಯಾಗಿ ಸಂಜೆ ಏಳಕ್ಕೆ ವಿಡಿಯೊ ನಿಲ್ಲುತ್ತಿತ್ತು. ಒಂದು ವಾರ ರೂಟರನ್ನೇ ಬೈದೆ. ಕೊನೆಗೆ ಗೊತ್ತಾಯಿತು, ಏಳಕ್ಕೆ ನಾನು ಅನ್ನ ಬಿಸಿ ಮಾಡುತ್ತೇನೆ. ಮೈಕ್ರೊವೇವ್ ಒಲೆಯೂ ಅದೇ 2.4 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತೆ. ಒಲೆ ಗುಂಯ್ ಅಂದರೆ ವಿಡಿಯೊ ಬಂದ್. ಎರಡೂ ಅಕ್ಕಪಕ್ಕ ಇಡಬೇಡಿ, ಅಥವಾ ನನ್ನ ಹಾಗೆ ಎರಡು ನಿಮಿಷ ಸುಮ್ಮನೆ ನಿಂತಿರಿ.

ಸ್ಪೀಕರ್ ಸಣ್ಣದು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಏನೂ ಕೇಳಿಸುವುದಿಲ್ಲ. ಬ್ಲೂಟೂತ್ ಇಲ್ಲ. ಹೆಡ್‌ಫೋನ್ ತೂತು ಇದೆಯಲ್ಲ, ಅದಕ್ಕೆ ಒಂದು ವೈರ್ ಹಾಕಿ ಹಳೇ ಸ್ಪೀಕರಿಗೆ ಜೋಡಿಸಿದ್ದೇನೆ. ಬ್ಯಾಟರಿ ನನ್ನದು ಮೂರು ಗಂಟೆ ಬರುತ್ತೆ. ಕಟ್ಟೆಯ ಹತ್ತಿರ ಪ್ಲಗ್ ಇರುವುದರಿಂದ ತಲೆ ಕೆಡಿಸಿಕೊಂಡಿಲ್ಲ.

ಥರ್ಡ್‌ಟ್ಯೂಬ್‌ನ ದೊಡ್ಡ ದೋಷ ಎಂದರೆ ನಂಬಿ ಕೂರುವ ಹಾಗಿಲ್ಲ. ಯೂಟ್ಯೂಬ್ ತನ್ನ ವೆಬ್‌ಸೈಟಿಗಾಗಿ ಕಳಿಸುವ ಮಾಹಿತಿಯನ್ನೇ ಈ ಆಪ್ ಓದಿ ಅರ್ಥ ಮಾಡಿಕೊಳ್ಳುತ್ತೆ. ಅವರು ಒಳಗೆ ಏನಾದರೂ ಬದಲಾಯಿಸಿದರೆ ಇಲ್ಲಿ ಎರರ್. ಹೇಳಿ ಕೇಳಿ ಬದಲಾಯಿಸುವುದಿಲ್ಲವಲ್ಲ. ಈ ಎಂಟು ತಿಂಗಳಲ್ಲಿ ನನಗೆ ಮೂರು ಸಲ ಹಾಗಾಯಿತು. ಒಂದು ಸಲ ಪೂರ್ತಿ ಎರಡು ವಾರ. ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಸರಿ ಮಾಡುವವರೆಗೆ ಕಾಯಬೇಕು. ದುಡ್ಡು ಕೊಟ್ಟಿಲ್ಲ, ಕೇಳುವ ಹಕ್ಕೂ ನಮಗಿಲ್ಲ. ಸರಿಯಾದ ಆವೃತ್ತಿ ಬಂದ ಮೇಲೆ ಹಾಕುವುದು ಸುಲಭ. ಯೂನಿವರ್ಸಲ್ ಅಪ್‌ಡೇಟರ್ ಅನ್ನುವ ಇನ್ನೊಂದು ಹೋಮ್‌ಬ್ರೂ ಇದೆ, ಯಂತ್ರದಲ್ಲೇ ಕೂತು ಬೇಕಾದ ಆಪ್ ಇಳಿಸಿಕೊಳ್ಳಬಹುದು.

ನಮ್ಮ ಮನೆಯವರು ಇದನ್ನೆಲ್ಲ ನೋಡಿ "ನನ್ನ ಫೋನಿನಲ್ಲಿರೋ ಮಾಡ್ ಆಪ್‌ಗೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಕಳ್ಳದಾರಿಯೇ" ಅಂದರು. ವ್ಯತ್ಯಾಸ ಇದೆ. ಅವರು ಮೊದಲು ಬಳಸುತ್ತಿದ್ದ ವ್ಯಾನ್ಸ್ಡ್ ಅಂದರೆ ಗೂಗಲ್‌ನ ಯೂಟ್ಯೂಬ್ ಆಪನ್ನೇ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದ್ದು. 2022ರಲ್ಲಿ ಕಾನೂನಿನ ಕಾರಣಕ್ಕೆ ಅದು ನಿಂತಿತು. ಥರ್ಡ್‌ಟ್ಯೂಬ್‌ನ ಆಪು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆದದ್ದು. ಕೋಡ್ ಯಾರು ಬೇಕಾದರೂ ಓದುವ ಹಾಗೆ ತೆರೆದಿಟ್ಟಿದ್ದಾರೆ. ಇನ್ನು ಮೆಸೇಜ್ ಗ್ರೂಪುಗಳಲ್ಲಿ ಹರಿದಾಡುವ 'ಪ್ರೀಮಿಯಂ ಫ್ರೀ' ಆಪ್‌ಗಳಿವೆಯಲ್ಲ, ಅವನ್ನು ಯಾರು ತಿದ್ದಿದರು, ಒಳಗೆ ಏನು ತುಂಬಿದರು ಅಂತ ದೇವರಿಗೇ ಗೊತ್ತು. ಆಮೇಲೆ ಅದರಲ್ಲೇ ಗೂಗಲ್ ಪಾಸ್‌ವರ್ಡ್ ಹಾಕುತ್ತಾರೆ, ಬ್ಯಾಂಕ್ ಆಪ್ ಇರುವ ಅದೇ ಫೋನಿನಲ್ಲಿ. ನನ್ನ ಪೌಡರ್ ಡಬ್ಬಿಯಲ್ಲಿ ಕದಿಯಲು ಏನೂ ಇಲ್ಲ.

ಜಾಹೀರಾತು ಇಲ್ಲದೆ ನೋಡಿದರೆ ವಿಡಿಯೊ ಮಾಡಿದವರಿಗೆ ಕಾಸು ಹೋಗುವುದಿಲ್ಲ ಅನ್ನುವುದೂ ನಿಜ. ಯೂಟ್ಯೂಬ್‌ನ ನಿಯಮಕ್ಕೂ ಇದು ಹೊಂದುವುದಿಲ್ಲ. ನನಗೆ ಇಷ್ಟವಾದ ಒಬ್ಬ ಮಲೆನಾಡಿನ ಅಡುಗೆಯವರ ಹೊಸ ವಿಡಿಯೊ ಬಂದರೆ ಮೊದಲು ಫೋನಿನಲ್ಲಿ, ಜಾಹೀರಾತು ಸಮೇತ ನೋಡುತ್ತೇನೆ. ಎರಡನೇ ಸಲ, ಅಂದರೆ ಮಾಡುವಾಗ, 3ಡಿಎಸ್‌ನಲ್ಲಿ. ಇದು ನನ್ನ ಸಮಾಧಾನ, ಅಷ್ಟೇ.

ಬೀಗ ತೆಗೆದ ಯಂತ್ರ ಅಂದ ಕೂಡಲೇ ಎಲ್ಲರೂ ಕೇಳುವುದು ಪುಕ್ಕಟೆ ಗೇಮು. ನಾನು ಆ ದಾರಿಗೆ ಹೋಗಿಲ್ಲ. ಇಲ್ಲಿ ಹಳೇ ಕಾರ್ಟ್ರಿಜ್ 500 ಯೆನ್‌ಗೆಲ್ಲ ಸಿಗುವಾಗ ಬೇಕೂ ಆಗಿಲ್ಲ. ಲೂಮಾ ಹಾಕಿದ ಮೇಲೆ ರೀಜನ್ ಲಾಕ್ ಇರುವುದಿಲ್ಲ, ಅಮೆರಿಕದ ಕಾರ್ಟ್ರಿಜ್ ಜಪಾನಿ ಯಂತ್ರದಲ್ಲಿ ಓಡುತ್ತೆ. ಗೆಳತಿಯ ಮಕ್ಕಳು ಕೊಟ್ಟ ಇಂಗ್ಲಿಷ್ ಆಟಗಳು ಹಾಗೆ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದವು. ಅಂದ ಹಾಗೆ, ಜಪಾನಿನಲ್ಲಿ ದುಡ್ಡು ತೆಗೆದುಕೊಂಡು ಬೇರೆಯವರ ಕನ್ಸೋಲ್ ತಿದ್ದಿಕೊಡುವುದಕ್ಕೆ ಕಾನೂನಿನ ತಡೆ ಇದೆ. ನನಗೂ ಮಾಡಿಕೊಡು ಅಂತ ಕೇಳಿದ ಮೂವರಿಗೆ ಚಹಾ ಕೊಟ್ಟು ಕಳಿಸಿದ್ದೇನೆ.

ಮಗನಿಗೆ ಇಷ್ಟವಾಗಿದ್ದು ಚೆಕ್‌ಪಾಯಿಂಟ್. ಆಟದಲ್ಲಿ ಎಲ್ಲಿವರೆಗೆ ಆಡಿದ್ದೇವೆ ಅನ್ನುವ ಸೇವ್ ಫೈಲನ್ನು ನಕಲು ಮಾಡಿ ಇಡುವ ಹೋಮ್‌ಬ್ರೂ. ಅವನು ಹಳೇ ಅಂಗಡಿಯಲ್ಲಿ ಕೊಂಡ, ಹಳ್ಳಿ ಕಟ್ಟಿ ಬಾಳುವ ಒಂದು ಆಟದ ಕಾರ್ಟ್ರಿಜ್‌ನಲ್ಲಿ ಯಾರದೋ ಹಳ್ಳಿ ಹಾಗೇ ಉಳಿದಿತ್ತು. ಮನೆ, ತೋಟ, ಗೋಡೆಗೆ ತೂಗು ಹಾಕಿದ ಮೀನು. ಹೊಸ ಹಳ್ಳಿ ಶುರು ಮಾಡಬೇಕಾದರೆ ಅದನ್ನು ಅಳಿಸಲೇಬೇಕು. ಮಗ ಒಂದು ದಿನ ಪೂರ್ತಿ ಅಳಿಸಲಿಲ್ಲ. "ಅವರು ವಾಪಸ್ ಬಂದರೆ?" ಅಂದ. ಚೆಕ್‌ಪಾಯಿಂಟ್‌ನಲ್ಲಿ ನಕಲು ತೆಗೆದು, ಕಂಪ್ಯೂಟರಿನಲ್ಲಿ 'ಯಾರದೋ ಊರು' ಅಂತ ಫೋಲ್ಡರ್ ಮಾಡಿ ಇಟ್ಟ ಮೇಲೆಯೇ ಅವನು ತನ್ನ ಹಳ್ಳಿ ಶುರು ಮಾಡಿದ್ದು. ಆ ಆಪಿಗೆ ನನ್ನ ಕಡೆಯಿಂದ ಐದಕ್ಕೆ ಐದು.

ನಿಂತುಹೋದ ಆನ್‌ಲೈನ್ ಆಟಕ್ಕೆ ಬದಲಿಯಾಗಿ ಪ್ರಿಟೆಂಡೊ ಅನ್ನುವ ಸರ್ವರ್ ಕಟ್ಟುತ್ತಿದ್ದಾರೆ. ಹಾಕಿ ನೋಡಿದೆ, ಸಂಪರ್ಕ ಸಿಕ್ಕಿತು. ನನಗೆ ಅದರ ಉಪಯೋಗ ಇಲ್ಲದ್ದರಿಂದ ಅಲ್ಲಿಗೇ ಬಿಟ್ಟೆ.

ಇದೇ ದುಡ್ಡಿಗೆ ಹಳೇ ಟ್ಯಾಬ್ಲೆಟ್ ಬರುತ್ತೆ. ದೊಡ್ಡ ಪರದೆ, ಕನ್ನಡ ಅಕ್ಷರ, ಬ್ಲೂಟೂತ್ ಎಲ್ಲ ಇರುತ್ತೆ. ಬರೀ ವಿಡಿಯೊ ಬೇಕು, ತಲೆನೋವು ಬೇಡ ಅನ್ನುವವರು ಅದನ್ನೇ ತಗೊಳ್ಳಿ. ಶಿವಮೊಗ್ಗದಲ್ಲಿರುವ ತಮ್ಮ ಕೇಳಿದಾಗ ನಾನು 3ಡಿಎಸ್ ಹುಡುಕು ಅನ್ನಲಿಲ್ಲ. ಅವನ ಬೀರುವಿನಲ್ಲಿ ಕಾಲೇಜು ದಿನದ ಪಿಎಸ್ ವೀಟಾ, ಸೋನಿಯ ಇಂಥದ್ದೇ ಗೇಮ್ ಯಂತ್ರ, ಬಿದ್ದಿದೆ. 5 ಇಂಚಿನ, 960 ಅಡ್ಡ 544 ಪಿಕ್ಸೆಲ್ ಪರದೆ, ಇದಕ್ಕಿಂತ ಎಷ್ಟೋ ಚೆಂದ. ಅದರ ಯೂಟ್ಯೂಬ್ ಆಪ್ 2015ರಲ್ಲೇ ನಿಂತಿತ್ತು. ಅದಕ್ಕೂ 2016ರಲ್ಲಿ ಹೆಂಕಾಕು ಅನ್ನುವ ಸಾಫ್ಟ್‌ವೇರ್ ಬಂದು ಬೀಗ ತೆಗೆಯಿತು. ಸೋನಿಯ ದುಬಾರಿ ಮೆಮೊರಿ ಕಾರ್ಡ್ ಬದಲು ಗೇಮ್ ಕಾರ್ಡಿನ ತೂತಿಗೆ ಎಸ್‌ಡಿ2ವೀಟಾ ಅಡಾಪ್ಟರ್ ಸಿಕ್ಕಿಸಿ ಮಾಮೂಲಿ ಮೈಕ್ರೊಎಸ್‌ಡಿ ಬಳಸಬಹುದು. ಮನೆಯಲ್ಲಿ ಇರುವುದನ್ನು ಎಬ್ಬಿಸುವುದೇ ಲೇಸು.

ಯೂಟ್ಯೂಬ್ ಕೈಕೊಟ್ಟ ದಿನಗಳಿಗೆ ನಾನು ಕಾರ್ಡಿನಲ್ಲಿ ಒಂದಿಷ್ಟು ತುಂಬಿಟ್ಟಿದ್ದೇನೆ. ನಮ್ಮೂರ ದೇವಸ್ಥಾನದ ತಾಳಮದ್ದಳೆ, ಅಪ್ಪ ಫೋನಿನಲ್ಲಿ ಹಿಡಿದಿದ್ದು. ಕಂಪ್ಯೂಟರಿನಲ್ಲಿ ಚಿಕ್ಕದು ಮಾಡಿ, ಎಫ್‌ಟಿಪಿಡಿ ಅನ್ನುವ ಹೋಮ್‌ಬ್ರೂ ಮೂಲಕ ವೈಫೈನಲ್ಲೇ ಕಳಿಸುತ್ತೇನೆ. ತುಂಬಾ ನಿಧಾನ, ಆದರೆ ಆ ಎರಡು ಸ್ಕ್ರೂ ಬಿಚ್ಚುವ ಕಾಟ ತಪ್ಪಿತು. ವಿಡಿಯೊ ಪ್ಲೇಯರ್ ಹೋಮ್‌ಬ್ರೂ ಕೂಡ ಬೇರೆಯೇ ಇದೆ, ಅದು ಒಂದು ದಿನವೂ ಕೈಕೊಟ್ಟಿಲ್ಲ. ತಾಳಮದ್ದಳೆಗೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದೇ ಎಲ್ಲ. 240 ಪಿಕ್ಸೆಲ್‌ಗೆ ಹೇಳಿ ಮಾಡಿಸಿದ ಕಲೆ. ನಿನ್ನೆ ಮತ್ತೆ ಎರರ್ ಬಂತು, ಅದನ್ನೇ ಹಾಕಿದೆ. ಬೇಳೆ ತೊಳೆದು ಕುಕ್ಕರ್ ಇಟ್ಟಾಗ ಕೃಷ್ಣ ಪೀಠಿಕೆ ಶುರು ಮಾಡಿದ. ಮೂರು ಕೂಗಾಯಿತು, ಒಗ್ಗರಣೆಯೂ ಆಯಿತು, ತಟ್ಟೆ ಹಾಕಿದ್ದೂ ಆಯಿತು. ಪೀಠಿಕೆ ಇನ್ನೂ ಮುಗಿದಿರಲಿಲ್ಲ.